ಒಂದು ವಾರದ ರಜೆ ಎರಡು ವರ್ಷವಾದಾಗ

ಭಾರತದಲ್ಲಿ ಕೋವಿಡ್ ಮೊದಲು ಪತ್ತೆಯಾದದ್ದು ಒಬ್ಬ ವಿದ್ಯಾರ್ಥಿನಿಯಲ್ಲಿ. ಚೀನಾದ ವುಹಾನ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಆಕೆ ಊರಿಗೆ ಮರಳಿದ್ದಳು. ಕೇರಳದ ತ್ರಿಶ್ಶೂರಿನಲ್ಲಿ 2020ರ ಜನವರಿ 30ರಂದು ಆಕೆಗೆ ಸೋಂಕು ತಗುಲಿರುವುದು ಖಚಿತವಾಯಿತು. ಅದಾದ ಕೆಲವೇ ದಿನಗಳಲ್ಲಿ ಆಲಪ್ಪುಳ ಮತ್ತು ಕಾಸರಗೋಡಿನಲ್ಲಿ ಸಿಕ್ಕ ಎರಡನೆಯ, ಮೂರನೆಯ ರೋಗಿಗಳೂ ವುಹಾನ್‌ನಿಂದ ಬಂದ ವೈದ್ಯಕೀಯ ವಿದ್ಯಾರ್ಥಿಗಳೇ. ಮೂವರೂ ಗುಣವಾಗಿ ಮನೆಗೆ ಹೋದರು. ಫೆಬ್ರುವರಿ 1 ಮತ್ತು 2ರಂದು ಏರ್ ಇಂಡಿಯಾದ ಎರಡು ವಿಶೇಷ ವಿಮಾನಗಳು ವುಹಾನ್‌ನಿಂದ ಸುಮಾರು 650 ಮಂದಿಯನ್ನು ದೆಹಲಿಗೆ ಕರೆತಂದವು. ಅವರಲ್ಲೂ ಹೆಚ್ಚಿನವರು ಓದಲು ಹೋದ ಹುಡುಗ ಹುಡುಗಿಯರು. ದೇಶ ಈ ರೋಗವನ್ನು ಮೊದಲು ಕಂಡದ್ದು ವಿದ್ಯಾರ್ಥಿಗಳ ಮೂಲಕ. ಆದರೆ ರೋಗ ಹಬ್ಬಿ ಆಡಳಿತ ಚುರುಕಾದ ಮೇಲೆ ಎಲ್ಲರಿಗಿಂತ ಕೊನೆಗೆ ನೆನಪಾದವರೂ ಅವರೇ.

ಕರ್ನಾಟಕಕ್ಕೆ ಆ ಸುದ್ದಿ ಹತ್ತಿರವಾದದ್ದು ಮಾರ್ಚ್‌ನಲ್ಲಿ. ಸೌದಿ ಅರೇಬಿಯಾದಿಂದ ಮರಳಿದ್ದ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ಮಾರ್ಚ್ 10ರಂದು ತೀರಿಕೊಂಡರು. ಅದು ಕೋವಿಡ್‌ನಿಂದಾದ ಸಾವು ಎಂದು 12ರಂದು ದೃಢಪಟ್ಟಿತು. ದೇಶದ ಮೊದಲ ಕೋವಿಡ್ ಸಾವು ಅದು. ಮರುದಿನವೇ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು ಮಾಲ್, ಚಿತ್ರಮಂದಿರ, ಪಬ್, ಅದ್ದೂರಿ ಮದುವೆಗಳ ಜೊತೆಗೆ ವಿಶ್ವವಿದ್ಯಾಲಯಗಳನ್ನೂ ಒಂದು ವಾರ ಮುಚ್ಚಲು ಆದೇಶಿಸಿದರು. ಒಂದು ವಾರ ಎಂದ ಮೇಲೆ ಯಾರು ತಾನೇ ಗಂಟುಮೂಟೆ ಕಟ್ಟುತ್ತಾರೆ? ನಾಲ್ಕು ಜೊತೆ ಬಟ್ಟೆ ಬ್ಯಾಗಿಗೆ ತುರುಕಿಕೊಂಡು ಹುಡುಗರು ಊರಿನ ಬಸ್ ಹತ್ತಿದರು. ಪುಸ್ತಕ, ನೋಟ್ಸು, ಹಾಸಿಗೆ ಎಲ್ಲ ಹಾಸ್ಟೆಲ್ಲಿನಲ್ಲೇ ಉಳಿದವು. ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಮಾತನಾಡಿದರು. ನಾಲ್ಕು ಗಂಟೆಗಳ ನಂತರ ಇಡೀ ದೇಶ 21 ದಿನಗಳ ಲಾಕ್‌ಡೌನ್‌ಗೆ ಹೋಯಿತು.

ಆಗ ಭಾರತದ ಉನ್ನತ ಶಿಕ್ಷಣದಲ್ಲಿ ಸುಮಾರು 3.85 ಕೋಟಿ ವಿದ್ಯಾರ್ಥಿಗಳಿದ್ದರು. ದೇಶದಲ್ಲೇ ಅತಿ ಹೆಚ್ಚು ಕಾಲೇಜುಗಳಿರುವ ಜಿಲ್ಲೆ ಬೆಂಗಳೂರು ನಗರ. ಅಲ್ಲಿನ ಪಿಜಿಗಳು, ಹಾಸ್ಟೆಲ್ಲುಗಳು, ನಾಲ್ಕೈದು ಮಂದಿ ಸೇರಿ ಹಿಡಿದ ಬಾಡಿಗೆ ಕೋಣೆಗಳು ಹದಿನೈದು ದಿನಗಳಲ್ಲಿ ಬರಿದಾದವು. ಮುಂದಿನ ಎರಡು ವರ್ಷಗಳಲ್ಲಿ ಈ ತಲೆಮಾರಿನ ಮನಸ್ಸಿಗೆ ಬಿದ್ದ ಪೆಟ್ಟಿಗೆ ವೈರಾಣು ಒಂದನ್ನೇ ಹೊಣೆ ಮಾಡಿದರೆ ಅರ್ಧ ಸತ್ಯ ಹೇಳಿದಂತೆ. ಉಳಿದರ್ಧ ಇರುವುದು ಯಾವ ತೀರ್ಮಾನವನ್ನು ಯಾರು, ಯಾವಾಗ, ಯಾರನ್ನು ಕೇಳಿ ತೆಗೆದುಕೊಂಡರು ಎಂಬುದರಲ್ಲಿ.

ಬಿಟ್ಟು ಹೋದವರು, ಸಿಕ್ಕಿಬಿದ್ದವರು

ಎಲ್ಲರಿಗೂ ಊರು ಸೇರಲಾಗಲಿಲ್ಲ. ರಾಜಸ್ಥಾನದ ಕೋಟಾದಲ್ಲಿ ಐಐಟಿ, ವೈದ್ಯಕೀಯ ಪ್ರವೇಶ ಪರೀಕ್ಷೆಗಳಿಗೆ ತರಬೇತಿ ಪಡೆಯುತ್ತಿದ್ದ ಹದಿನೇಳು ಹದಿನೆಂಟರ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಪಿಜಿ ಕೋಣೆಗಳಲ್ಲಿ ಸಿಕ್ಕಿಬಿದ್ದರು. ಮೆಸ್ಸುಗಳು ಮುಚ್ಚಿದವು, ತರಗತಿಗಳು ನಿಂತವು. ಮಕ್ಕಳು ಸಾಮಾಜಿಕ ಜಾಲತಾಣಗಳಲ್ಲಿ ತಮ್ಮನ್ನು ಮನೆಗೆ ಕಳಿಸಿ ಎಂದು ಮೊರೆಯಿಟ್ಟರು. ಏಪ್ರಿಲ್ ಮಧ್ಯದಲ್ಲಿ ಉತ್ತರಪ್ರದೇಶ ಸರ್ಕಾರ ಸುಮಾರು 250 ಬಸ್ಸುಗಳನ್ನು ಕಳಿಸಿ ತನ್ನ ರಾಜ್ಯದವರನ್ನು ಕರೆಸಿಕೊಂಡಿತು. ಬಿಹಾರದ ಮುಖ್ಯಮಂತ್ರಿ ನಿತೀಶ್ ಕುಮಾರ್ ಇದು ಲಾಕ್‌ಡೌನ್‌ನ ಉದ್ದೇಶಕ್ಕೇ ವಿರುದ್ಧ ಎಂದು ಆಕ್ಷೇಪಿಸಿದರು. ಒಂದೇ ಪಿಜಿಯ ಅಕ್ಕಪಕ್ಕದ ಮಂಚಗಳಲ್ಲಿ ಮಲಗುತ್ತಿದ್ದ ಇಬ್ಬರಲ್ಲಿ ಒಬ್ಬನಿಗೆ ಬಸ್ಸು ಬಂತು, ಇನ್ನೊಬ್ಬನಿಗೆ ಬರಲಿಲ್ಲ. ಏಪ್ರಿಲ್ 29ರಂದು ಕೇಂದ್ರ ಗೃಹ ಸಚಿವಾಲಯವು ವಲಸೆ ಕಾರ್ಮಿಕರು, ಯಾತ್ರಿಕರು ಮತ್ತು ವಿದ್ಯಾರ್ಥಿಗಳ ಸಂಚಾರಕ್ಕೆ ಒಪ್ಪಿಗೆ ಕೊಟ್ಟಿತು. ಮೇ 1ರ ರಾತ್ರಿ ಕೋಟಾದಿಂದ ಜಾರ್ಖಂಡ್‌ನ ಹಟಿಯಾಕ್ಕೆ ವಿದ್ಯಾರ್ಥಿಗಳ ರೈಲು ಹೊರಟಿತು. ದೇಶ ಮುಚ್ಚಿದ 38ನೆಯ ದಿನ ಅದು.

ಕರ್ನಾಟಕದಲ್ಲಿ ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಎಷ್ಟೋ ಹಾಸ್ಟೆಲ್ಲುಗಳು ಕ್ವಾರಂಟೈನ್ ಕೇಂದ್ರಗಳಾದವು. ಆಗ ಬೇರೆ ದಾರಿಯಿರಲಿಲ್ಲ. ಮಹಾರಾಷ್ಟ್ರದಿಂದ ಮರಳಿದ ಸಾವಿರಾರು ಕಾರ್ಮಿಕರಿಗೆ ಎಲ್ಲಾದರೂ ಜಾಗ ಕೊಡಬೇಕಿತ್ತು. ಆದರೆ ಹಳ್ಳಿಯ ದಲಿತ, ಹಿಂದುಳಿದ ಕುಟುಂಬದ ಹುಡುಗಿಗೆ ಆ ಹಾಸ್ಟೆಲ್ಲು ಬರೀ ತಂಗುವ ಜಾಗವಲ್ಲ. ಮೂರು ಹೊತ್ತಿನ ಊಟ, ರಾತ್ರಿ ಹನ್ನೊಂದರವರೆಗೂ ಉರಿಯುವ ದೀಪ, ಬೇಗ ಮದುವೆ ಮಾಡಬೇಕೆನ್ನುವ ಮಾತಿನಿಂದ ಮೂರು ವರ್ಷದ ಬಿಡುಗಡೆ, ಎಲ್ಲವೂ ಅಲ್ಲಿತ್ತು. ಮನೆಗೆ ಮರಳಿದ ಆಕೆ ವಿದ್ಯಾರ್ಥಿನಿಯಾಗಿ ಉಳಿಯುವುದು ಕಷ್ಟವಾಯಿತು. ಅಡುಗೆ, ಪಾತ್ರೆ, ತಮ್ಮ ತಂಗಿಯರ ಆರೈಕೆ, ಕೂಲಿ ಇವೆಲ್ಲದರ ನಡುವೆ ಸಿಕ್ಕ ಸಮಯವೇ ಓದಿನ ಸಮಯ. ಕಾಲೇಜು ಎಂಬ ಜಾಗ ಬಡ ಮಕ್ಕಳಿಗೆ ಏನೇನು ಕೊಡುತ್ತಿತ್ತು ಎಂಬುದು ಅದು ಮುಚ್ಚಿದಾಗ ಗೊತ್ತಾಯಿತು.

ಗುಡ್ಡದ ಮೇಲಿನ ತರಗತಿ

ಏಪ್ರಿಲ್ ಹೊತ್ತಿಗೆ ಪಾಠಗಳು ಆನ್‌ಲೈನ್‌ಗೆ ಹೋದವು. ಝೂಮ್, ಗೂಗಲ್ ಮೀಟ್, ವಾಟ್ಸ್ಆ್ಯಪ್ ಗುಂಪುಗಳು, ಯೂಟ್ಯೂಬ್‌ಗೆ ಹಾಕಿದ ಉಪನ್ಯಾಸಗಳು. ಮೇಷ್ಟರುಗಳೂ ಹೊಸಬರೇ. ಹಲವರು ತಮ್ಮ ಮಕ್ಕಳಿಂದ ಮೊಬೈಲ್ ಬಳಕೆ ಕಲಿತು, ಗೋಡೆಗೆ ಬೋರ್ಡ್ ಒರಗಿಸಿ ಪಾಠ ಮಾಡಿದರು. ಆ ಶ್ರಮವನ್ನು ಕಡೆಗಣಿಸುವಂತಿಲ್ಲ. ಆದರೆ ಪಾಠ ತಲುಪುವ ದಾರಿಯೇ ಎಲ್ಲ ಮನೆಗಳಿಗೂ ಇರಲಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ (2017-18) ಪ್ರಕಾರ ಇಂಟರ್ನೆಟ್ ಸೌಲಭ್ಯವಿದ್ದ ಮನೆಗಳು ನಗರಗಳಲ್ಲಿ ಶೇ 42, ಹಳ್ಳಿಗಳಲ್ಲಿ ಶೇ 15. ಕಂಪ್ಯೂಟರ್ ಇದ್ದದ್ದು ಹಳ್ಳಿಯ ನೂರು ಮನೆಗಳಲ್ಲಿ ನಾಲ್ಕರಲ್ಲಿ ಮಾತ್ರ. ಈ ಅಂಕಿಅಂಶ ಸರ್ಕಾರದ ಕೈಯಲ್ಲೇ ಇತ್ತು.

ಮಲೆನಾಡು ಮತ್ತು ಕರಾವಳಿಯ ಜನರಿಗೆ ಇದು ಸಮೀಕ್ಷೆ ಓದಿ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ. ಶಿರಸಿ, ಜೋಯಿಡಾ, ತೀರ್ಥಹಳ್ಳಿ, ಸುಳ್ಯದ ಕಡೆಯ ಹುಡುಗರು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು. ಮರದ ಮೇಲೆ, ತೋಟದ ಅಂಚಿನಲ್ಲಿ, ರಸ್ತೆಬದಿಯ ಗುಡಿಸಿಲಿನಲ್ಲಿ ಕೂತು ಪಾಠ ಕೇಳಿದರು. ಜೂನ್ ಬಂದರೆ ಮಳೆ, ಮಳೆ ಬಂದರೆ ಕರೆಂಟ್ ಇಲ್ಲ, ಕರೆಂಟ್ ಇಲ್ಲದಿದ್ದರೆ ಟವರ್ ಇಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಬಳಿ ತೆಗೆದ ಒಂದು ಫೋಟೊ ದೇಶವೆಲ್ಲ ಸುತ್ತಿತು. ಸುರಿಯುವ ಮಳೆಯಲ್ಲಿ ರಸ್ತೆಬದಿ ಕೂತು ಪಾಠ ಕೇಳುತ್ತಿರುವ ಶಾಲಾ ಹುಡುಗಿ, ಅವಳಿಗೆ ಕೊಡೆ ಹಿಡಿದು ನಿಂತ ಅಪ್ಪ. ಆ ಚಿತ್ರವನ್ನು ಜನ ಅಪ್ಪನ ಪ್ರೀತಿಗೆ ಸಾಕ್ಷಿ ಎಂದು ಮೆಚ್ಚಿಕೊಂಡರು. ಅದು ನಿಜವೂ ಹೌದು. ಆದರೆ ಲಾಕ್‌ಡೌನ್ ಶುರುವಾಗಿ 15 ತಿಂಗಳು ಕಳೆದ ಮೇಲೂ ಒಂದು ಮಗು ಪಾಠಕ್ಕಾಗಿ ಮಳೆಯಲ್ಲಿ ಕೂರಬೇಕಾಗಿತ್ತು ಎಂಬುದಕ್ಕೂ ಅದೇ ಸಾಕ್ಷಿ.

ಸರ್ಕಾರ ಏನೂ ಮಾಡಲಿಲ್ಲ ಎಂದಲ್ಲ. ಅದೇ ಜೂನ್‌ನಲ್ಲಿ ಕರ್ನಾಟಕವು ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಡುವ ಯೋಜನೆ ಆರಂಭಿಸಿತು. ಸಿಕ್ಕವರಿಗೆ ಅದರಿಂದ ನೆರವಾಯಿತು. ಸಿಗುವ ಹೊತ್ತಿಗೆ ಮೂರು ಸೆಮಿಸ್ಟರ್ ಕಳೆದುಹೋಗಿದ್ದವು.

ಪರೀಕ್ಷೆ ಇದೆಯೋ ಇಲ್ಲವೋ

2020ರ ಬೇಸಿಗೆಯಿಂದ ಮಳೆಗಾಲದವರೆಗೆ ವಿದ್ಯಾರ್ಥಿಗಳ ನಿದ್ದೆ ಕೆಡಿಸಿದ ಪ್ರಶ್ನೆ ಇದೊಂದೇ. ಏಪ್ರಿಲ್ 29ರಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮಾರ್ಗಸೂಚಿ ಹೊರಡಿಸಿತು. ನಡುವಿನ ಸೆಮಿಸ್ಟರ್‌ಗಳವರಿಗೆ ಆಂತರಿಕ ಅಂಕ ಮತ್ತು ಹಿಂದಿನ ಸೆಮಿಸ್ಟರ್‌ನ ಅಂಕ ಕೂಡಿಸಿ ಫಲಿತಾಂಶ ಕೊಡಬಹುದು, ಅಂತಿಮ ವರ್ಷದವರಿಗೆ ಜುಲೈನಲ್ಲಿ ಪರೀಕ್ಷೆ. ಜುಲೈ ಬರುವಾಗ ಸೋಂಕು ಏರುತ್ತಲೇ ಇತ್ತು. ಮಹಾರಾಷ್ಟ್ರ, ದೆಹಲಿ, ಪಶ್ಚಿಮ ಬಂಗಾಳ, ಪಂಜಾಬ್ ಮೊದಲಾದ ರಾಜ್ಯಗಳು ಪರೀಕ್ಷೆ ಬೇಡವೆಂದವು. ಜುಲೈ 6ರಂದು ಯುಜಿಸಿ ಮಾರ್ಗಸೂಚಿ ತಿದ್ದಿ, ಅಂತಿಮ ವರ್ಷದ ಪರೀಕ್ಷೆಯನ್ನು ಸೆಪ್ಟೆಂಬರ್ ಕೊನೆಯೊಳಗೆ ಮಾಡಲೇಬೇಕು ಎಂದಿತು. ಜುಲೈ 10ರಂದು ಕರ್ನಾಟಕದ ಉಪಮುಖ್ಯಮಂತ್ರಿ ಸಿ.ಎನ್. ಅಶ್ವತ್ಥನಾರಾಯಣ ಅವರು ಉಳಿದವರನ್ನು ಪರೀಕ್ಷೆಯಿಲ್ಲದೆ ಮುಂದಕ್ಕೆ ಕಳಿಸುವುದಾಗಿಯೂ ಅಂತಿಮ ವರ್ಷದವರು ಮಾತ್ರ ಪರೀಕ್ಷೆ ಬರೆಯಬೇಕೆಂದೂ ಪ್ರಕಟಿಸಿದರು.

ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. ಪರೀಕ್ಷೆ ಬರೆಯಲು ಬಂದರೆ ಜೀವಕ್ಕೆ ಅಪಾಯ, ಬಾರದಿದ್ದರೆ ಪದವಿಗೆ ಅಪಾಯ ಎಂಬುದು ವಿದ್ಯಾರ್ಥಿಗಳ ವಾದ. ಪರೀಕ್ಷೆಯಿಲ್ಲದೆ ಕೊಟ್ಟ ಪದವಿಗೆ ನಾಳೆ ಬೆಲೆಯಿರುವುದಿಲ್ಲ ಎಂಬುದು ಯುಜಿಸಿಯ ವಾದ. ಎರಡೂ ಮಾತಿನಲ್ಲಿ ಹುರುಳಿತ್ತು. ಆಗಸ್ಟ್ 28ರಂದು ನ್ಯಾಯಮೂರ್ತಿ ಅಶೋಕ್ ಭೂಷಣ್ ನೇತೃತ್ವದ ಪೀಠ ತೀರ್ಪು ಕೊಟ್ಟಿತು: ರಾಜ್ಯಗಳು ಪರೀಕ್ಷೆಯಿಲ್ಲದೆ ಪದವಿ ಕೊಡುವಂತಿಲ್ಲ, ಆದರೆ ಪರಿಸ್ಥಿತಿ ಬಿಗಡಾಯಿಸಿದ್ದರೆ ಯುಜಿಸಿಯಿಂದ ಹೆಚ್ಚಿನ ಸಮಯ ಕೇಳಬಹುದು. ಇದರ ಜೊತೆಗೇ ಪ್ರವೇಶ ಪರೀಕ್ಷೆಗಳು: ಜುಲೈ 30, 31ರಂದು ಕರ್ನಾಟಕದ ಸಿಇಟಿ, ಸೆಪ್ಟೆಂಬರ್ ಮೊದಲ ವಾರ ಜೆಇಇ, 13ರಂದು ಸುಮಾರು 16 ಲಕ್ಷ ಮಂದಿ ನೋಂದಾಯಿಸಿದ್ದ ನೀಟ್. ಸಿಇಟಿಯಲ್ಲಿ ಸೋಂಕು ತಗುಲಿದವರಿಗೂ ಪ್ರತ್ಯೇಕ ವ್ಯವಸ್ಥೆ ಮಾಡಿ ಬರೆಸಲಾಯಿತು.

ಪರೀಕ್ಷೆ ನಡೆದದ್ದು ಸರಿಯೋ ತಪ್ಪೋ ಎಂದು ಇಂದಿಗೂ ವಾದಿಸಬಹುದು. ಅದಕ್ಕಿಂತ ದೊಡ್ಡ ನೋವು ಕೊಟ್ಟದ್ದು ಆ ಐದು ತಿಂಗಳ ಕಾಯುವಿಕೆ. ಓದಬೇಕೋ ಬೇಡವೋ, ಊರಿಂದ ಹೊರಡಬೇಕೋ ಬೇಡವೋ, ಸಿಕ್ಕ ಕೆಲಸದ ಆಫರ್ ಉಳಿಯುತ್ತದೋ ಇಲ್ಲವೋ, ಯಾವುದಕ್ಕೂ ಉತ್ತರವಿರಲಿಲ್ಲ. ದಿನಕ್ಕೊಂದು ಸುತ್ತೋಲೆ, ಅದನ್ನು ಅಲ್ಲಗಳೆಯುವ ಇನ್ನೊಂದು ಸುತ್ತೋಲೆ, ನಡುವೆ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ನಕಲಿ ವೇಳಾಪಟ್ಟಿ. ಆತಂಕ ಎಂಬುದು ಹೆಚ್ಚಾಗಿ ಇಂಥ ನೆಲದಲ್ಲೇ ಬೆಳೆಯುತ್ತದೆ. ಕೆಟ್ಟ ಸುದ್ದಿಯನ್ನಾದರೂ ಮನುಷ್ಯ ತಡೆದುಕೊಳ್ಳಬಲ್ಲ, ತೀರ್ಮಾನವೇ ಇಲ್ಲದ ದಿನಗಳನ್ನು ತಡೆದುಕೊಳ್ಳುವುದು ಕಷ್ಟ. ಈ ತೀರ್ಮಾನಗಳಾದ ಯಾವ ಸಭೆಯಲ್ಲೂ ವಿದ್ಯಾರ್ಥಿಗೆ ಕುರ್ಚಿ ಇರಲಿಲ್ಲ. ತನ್ನ ಮಾತು ಹೇಳಲು ಅವನಿಗಿದ್ದ ಬಾಗಿಲು ನ್ಯಾಯಾಲಯವೊಂದೇ.

ನವೆಂಬರ್‌ನ ಒಂದು ಸಾವು

2020ರ ನವೆಂಬರ್ ಮೊದಲ ವಾರ ತೆಲಂಗಾಣದಿಂದ ಬಂದ ಸುದ್ದಿ ದೇಶದ ವಿದ್ಯಾರ್ಥಿ ಸಮುದಾಯವನ್ನು ನಡುಗಿಸಿತು. ದೆಹಲಿಯ ಪ್ರತಿಷ್ಠಿತ ಕಾಲೇಜೊಂದರಲ್ಲಿ ಓದುತ್ತಿದ್ದ, ಲಾಕ್‌ಡೌನ್‌ನಿಂದಾಗಿ ಊರಿಗೆ ಮರಳಿದ್ದ ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯಲ್ಲಿ ಜೀವ ಕಳೆದುಕೊಂಡಳು. ದುಡಿದು ಉಣ್ಣುವ ಕುಟುಂಬ. ಮಗಳ ಓದಿಗಾಗಿ ಮಾಡಿದ ಸಾಲ. ಬರಬೇಕಿದ್ದ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ತಡವಾಗಿತ್ತು. ಆನ್‌ಲೈನ್ ಪಾಠಕ್ಕೆ ಲ್ಯಾಪ್‌ಟಾಪ್ ಇರಲಿಲ್ಲ. ಹಾಸ್ಟೆಲ್ ಬಿಡಬೇಕೆಂಬ ಸೂಚನೆ ಬಂದಿತ್ತು. ಒಂದು ಜೀವ ಹೋಗುವುದಕ್ಕೆ ಒಂದೇ ಕಾರಣವನ್ನು ತೋರಿಸುವುದು ಸರಿಯಲ್ಲ, ಅದು ಹೋದವರಿಗೂ ಉಳಿದವರಿಗೂ ಮಾಡುವ ಅನ್ಯಾಯ. ಆದರೆ ಆ ಕಷ್ಟಗಳ ಪಟ್ಟಿಯನ್ನು ಓದಿದ ಲಕ್ಷಾಂತರ ವಿದ್ಯಾರ್ಥಿಗಳು ಅದರಲ್ಲಿ ತಮ್ಮ ಮನೆಯನ್ನೇ ಕಂಡರು.

ಅಲ್ಲಿಂದ ಮಾತಿನ ದಿಕ್ಕು ಬದಲಾಯಿತು. ಅದುವರೆಗೆ ಯುವಜನರ ಮಾನಸಿಕ ಆರೋಗ್ಯ ಎಂದರೆ ಯೋಗ, ಧ್ಯಾನ, ಒಳ್ಳೆಯ ಯೋಚನೆಗಳ ಕುರಿತ ವೆಬಿನಾರ್‌ಗಳು. ಆ ನವೆಂಬರ್‌ನಲ್ಲಿ ಬೀದಿಗಿಳಿದ ವಿದ್ಯಾರ್ಥಿಗಳು ಕೇಳಿದ್ದು ಬೇರೆಯೇ: ವಿದ್ಯಾರ್ಥಿವೇತನ ಯಾವಾಗ ಬರುತ್ತದೆ? ಲ್ಯಾಪ್‌ಟಾಪ್ ಇಲ್ಲದವರ ಗತಿಯೇನು? ಹಾಸ್ಟೆಲ್ ಯಾರಿಗಾಗಿ? ಮನಸ್ಸಿನ ಮಾತನ್ನು ಹಣ, ಕೋಣೆ, ನೆಟ್‌ವರ್ಕ್‌ಗಳ ಮಾತಿನಿಂದ ಬೇರೆ ಮಾಡಲಾಗದು ಎಂದು ದೇಶಕ್ಕೆ ಮೊದಲು ಸ್ಪಷ್ಟವಾಗಿ ಹೇಳಿದವರು ಈ ಹುಡುಗ ಹುಡುಗಿಯರು.

ಎರಡನೇ ಅಲೆ

ಕರ್ನಾಟಕದಲ್ಲಿ 2020ರ ನವೆಂಬರ್ 17ರಂದು ಪದವಿ, ಎಂಜಿನಿಯರಿಂಗ್ ಕಾಲೇಜುಗಳು ಮತ್ತೆ ತೆರೆದವು. ಕೋವಿಡ್ ಇಲ್ಲವೆಂಬ ವರದಿ, ತಂದೆ ತಾಯಿಯ ಒಪ್ಪಿಗೆ ಪತ್ರ, ಅರ್ಧ ಖಾಲಿ ಬೆಂಚುಗಳು. ಹೀಗೆ ಶುರುವಾದ ಕಾಲೇಜು ಐದು ತಿಂಗಳು ನಡೆಯಿತು. 2021ರ ಏಪ್ರಿಲ್ 27ರಿಂದ ರಾಜ್ಯ ಮತ್ತೆ ಮುಚ್ಚಿತು. ಮೇ 5ರಂದು ಒಂದೇ ದಿನ 50,112 ಹೊಸ ಪ್ರಕರಣಗಳು ವರದಿಯಾದವು.

ಮೊದಲ ಲಾಕ್‌ಡೌನ್ ಹುಡುಗರಿಗೆ ಏಕಾಂತವನ್ನೂ ಅನಿಶ್ಚಯವನ್ನೂ ಕೊಟ್ಟಿತ್ತು. ಎರಡನೇ ಅಲೆ ಸಾವನ್ನು ಮನೆಯೊಳಗೆ ತಂದಿತು. ಹತ್ತೊಂಬತ್ತು ಇಪ್ಪತ್ತರ ಮಕ್ಕಳು ಆಮ್ಲಜನಕದ ಸಿಲಿಂಡರಿಗಾಗಿ, ಐಸಿಯು ಹಾಸಿಗೆಗಾಗಿ ಫೋನ್ ಹಿಡಿದು ರಾತ್ರಿಯಿಡೀ ಕೂತರು. ಸಿಲಿಂಡರ್ ಎಲ್ಲಿದೆ, ಹಾಸಿಗೆ ಎಲ್ಲಿ ಖಾಲಿ ಇದೆ ಎಂದು ಖಚಿತಪಡಿಸಿಕೊಂಡು ಪಟ್ಟಿ ಮಾಡಿ ಹಂಚಿದವರಲ್ಲಿ ಕಾಲೇಜು ವಿದ್ಯಾರ್ಥಿಗಳೇ ದೊಡ್ಡ ಸಂಖ್ಯೆಯಲ್ಲಿದ್ದರು. ಎಷ್ಟೋ ಬಾರಿ ಅವರು ನಂಬರ್ ಕಳಿಸುವ ಹೊತ್ತಿಗೆ ಆ ಕಡೆ ರೋಗಿ ಇರುತ್ತಿರಲಿಲ್ಲ. ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡವರಿಗೆ ಸರಿಯಾಗಿ ಅಂತ್ಯಕ್ರಿಯೆ ಮಾಡುವ ಅವಕಾಶವೂ ಸಿಗಲಿಲ್ಲ. ನೆಂಟರು ಬಂದು ಕೂರುವ, ಅತ್ತು ಹಗುರಾಗುವ, ಹದಿಮೂರನೇ ದಿನ ಊಟ ಮಾಡಿ ಮತ್ತೆ ಬದುಕಿಗೆ ಮರಳುವ ನಮ್ಮ ಪದ್ಧತಿಗಳೆಲ್ಲ ನಿಂತುಹೋದವು. ದುಃಖವನ್ನು ಹಂಚಿಕೊಳ್ಳಲು ಸಮಾಜ ಶತಮಾನಗಳಿಂದ ಕಟ್ಟಿಕೊಂಡಿದ್ದ ವ್ಯವಸ್ಥೆ ಅದು.

ವೈದ್ಯಕೀಯ ವಿದ್ಯಾರ್ಥಿಗಳ ಪಾಡು ಇನ್ನೊಂದು ಬಗೆಯದು. ಮೇ 3ರಂದು ಪ್ರಧಾನಿ ಕಚೇರಿಯಿಂದ ಬಂದ ತೀರ್ಮಾನದಂತೆ ನೀಟ್-ಪಿಜಿ ಪರೀಕ್ಷೆಯನ್ನು ಕನಿಷ್ಠ ನಾಲ್ಕು ತಿಂಗಳು ಮುಂದೂಡಲಾಯಿತು. ಇಂಟರ್ನ್‌ಗಳನ್ನು ಕೋವಿಡ್ ಕೆಲಸಕ್ಕೆ, ಎಂಬಿಬಿಎಸ್ ಅಂತಿಮ ವರ್ಷದವರನ್ನು ದೂರವಾಣಿ ಸಲಹೆಗೆ ಬಳಸಲು ಅನುಮತಿಯಾಯಿತು. ಮರಣ ಪ್ರಮಾಣಪತ್ರ ಬರೆಯುವುದನ್ನು ಪುಸ್ತಕದಲ್ಲಷ್ಟೇ ಓದಿದ್ದ ಯುವಕರು ಅದನ್ನು ದಿನಕ್ಕೆ ಹಲವು ಬಾರಿ ಕಂಡರು. ಇತ್ತ ಚೀನಾದ ವಿಶ್ವವಿದ್ಯಾಲಯಗಳಲ್ಲಿ ಹೆಸರು ನೋಂದಾಯಿಸಿದ್ದ ಸುಮಾರು 23,000 ಭಾರತೀಯ ವಿದ್ಯಾರ್ಥಿಗಳು ವೀಸಾ ಇಲ್ಲದೆ ತಮ್ಮ ಮನೆಗಳಲ್ಲೇ ಉಳಿದಿದ್ದರು. ಅವರಿಗೆ ಬಾಗಿಲು ತೆರೆದದ್ದು 2022ರ ಆಗಸ್ಟ್ ಕೊನೆಗೆ.

'ಕೋವಿಡ್ ಬ್ಯಾಚ್'

2021ರ ಜೂನ್ 4ರಂದು ಕರ್ನಾಟಕ ದ್ವಿತೀಯ ಪಿಯುಸಿ ಪರೀಕ್ಷೆಯನ್ನು ರದ್ದು ಮಾಡಿತು. ಎಸ್ಸೆಸ್ಸೆಲ್ಸಿಯ ಅಂಕ ಶೇ 45, ಪ್ರಥಮ ಪಿಯುಸಿಯ ಅಂಕ ಶೇ 45, ಆಂತರಿಕ ಮೌಲ್ಯಮಾಪನ ಶೇ 10, ಈ ಲೆಕ್ಕದಲ್ಲಿ ಜುಲೈ 20ರಂದು ಫಲಿತಾಂಶ ಬಂತು. ಎಲ್ಲರೂ ಪಾಸು. 2,239 ಮಂದಿಗೆ 600ಕ್ಕೆ 600. ಊರಲ್ಲಿ ಸಿಹಿ ಹಂಚಿದವರೂ ಇದ್ದರು. ಆದರೆ ನಿಜವಾಗಿ ಕಷ್ಟಪಟ್ಟು ಓದಿದವರಿಗೂ ಪರೀಕ್ಷೆ ಬರೆಯದೆ ಪಾಸಾದವರು ಎಂಬ ಹೆಸರು ಅಂಟಿಕೊಂಡಿತು.

ಆ ಹೆಸರಿನ ಭಾರ ಮರುವರ್ಷ ಗೊತ್ತಾಯಿತು. 2022ರಲ್ಲಿ ಮತ್ತೊಮ್ಮೆ ಸಿಇಟಿ ಬರೆದ 2021ರ ಬ್ಯಾಚಿನ ಸುಮಾರು 24,000 ವಿದ್ಯಾರ್ಥಿಗಳ ಪಿಯುಸಿ ಅಂಕಗಳನ್ನು ಪರೀಕ್ಷಾ ಪ್ರಾಧಿಕಾರ ರ್‍ಯಾಂಕಿಂಗ್‌ಗೆ ಪರಿಗಣಿಸಲಿಲ್ಲ. ಸಾವಿರದೊಳಗಿನ ರ್‍ಯಾಂಕ್ ನಿರೀಕ್ಷಿಸಿದವರು ಎಲ್ಲೋ ಹಿಂದಕ್ಕೆ ಸರಿದರು. ಬೆಂಗಳೂರಿನಲ್ಲಿ ವಿದ್ಯಾರ್ಥಿಗಳು ಮತ್ತು ಹೆತ್ತವರು ಪ್ರತಿಭಟಿಸಿದರು, ಹೈಕೋರ್ಟಿಗೆ ಹೋದರು. ಸೆಪ್ಟೆಂಬರ್ 3ರಂದು ಏಕಸದಸ್ಯ ಪೀಠ ಪ್ರಾಧಿಕಾರದ ಕ್ರಮವನ್ನು ರದ್ದುಪಡಿಸಿತು. ಅದನ್ನು ಹಾಗೇ ಜಾರಿ ಮಾಡಿದರೆ 2022ರ ಬ್ಯಾಚಿಗೆ ಅನ್ಯಾಯ ಎಂದು ಸರ್ಕಾರ ಮೇಲ್ಮನವಿ ಸಲ್ಲಿಸಿತು. ಕೊನೆಗೆ ತಜ್ಞರ ಸಮಿತಿಯ ಸೂತ್ರದಂತೆ, 2021ರವರ ಪಿಯುಸಿ ಅಂಕಗಳಲ್ಲಿ ಪ್ರತಿ ವಿಷಯಕ್ಕೆ ಸರಾಸರಿ 6 ಅಂಕ ಕಳೆದು ಲೆಕ್ಕಕ್ಕೆ ಹಿಡಿಯಲು ವಿಭಾಗೀಯ ಪೀಠ ಒಪ್ಪಿತು. ಒಂದು ಬ್ಯಾಚಿಗೆ ಕೊಟ್ಟ ಸಮಾಧಾನ ಇನ್ನೊಂದು ಬ್ಯಾಚಿಗೆ ಗಾಯವಾಗದಂತೆ ನೋಡಿಕೊಳ್ಳುವುದು ಸುಲಭವಿರಲಿಲ್ಲ. ಆದರೂ 2021ರ ಜುಲೈನಲ್ಲೇ ಯೋಚಿಸಬೇಕಾದ ಸಂಗತಿಯನ್ನು 14 ತಿಂಗಳ ಬಳಿಕ ಕೋರ್ಟಿನಲ್ಲಿ ಬಿಡಿಸಬೇಕಾಯಿತು. ಅಷ್ಟರಲ್ಲಿ ಸೀಟು ಹಂಚಿಕೆ ನಿಂತು ಎರಡೂ ಬ್ಯಾಚಿನ ಮಕ್ಕಳು ಇನ್ನಷ್ಟು ದಿನ ಕಾಯ್ದರು.

ಲೆಕ್ಕ ಮತ್ತು ಅದರ ತಕರಾರು

ಈ ಕಾಲದ ನೋವನ್ನು ಅಳೆಯುವುದು ಹೇಗೆ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಪ್ರಕಾರ 2019ರಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 10,335. 2020ರಲ್ಲಿ 12,526. 2021ರಲ್ಲಿ 13,089. 2019ರಿಂದ 2020ಕ್ಕೆ, ಒಂದೇ ವರ್ಷದಲ್ಲಿ, ಶೇ 21ರ ಏರಿಕೆ. ಇವು ಪೊಲೀಸರ ದಾಖಲೆಗಳು. ಕಳಂಕಕ್ಕೆ ಹೆದರಿ ಮುಚ್ಚಿಟ್ಟ ಸಾವುಗಳು ಇದರಲ್ಲಿ ಬರುವುದಿಲ್ಲ. ವಿದ್ಯಾರ್ಥಿ ಎಂಬ ಕಲಂನಲ್ಲಿ ಶಾಲೆಯ ಮಗುವೂ ಸೇರುತ್ತದೆ, ಸಂಶೋಧನಾ ವಿದ್ಯಾರ್ಥಿಯೂ ಸೇರುತ್ತಾನೆ. 2020ರಲ್ಲಿ ಎಲ್ಲ ವಯಸ್ಸಿನವರ ಆತ್ಮಹತ್ಯೆಗಳೂ 1,39,123ರಿಂದ 1,53,052ಕ್ಕೆ ಏರಿದ್ದವು. ಆದರೂ ವಿದ್ಯಾರ್ಥಿಗಳಲ್ಲಿನ ಏರಿಕೆ ಅದಕ್ಕಿಂತ ಕಡಿದಾಗಿತ್ತು.

ಜಗತ್ತಿನ ವಿದ್ವಾಂಸರಲ್ಲಿ ಇಲ್ಲಿ ಒಮ್ಮತವಿಲ್ಲ. 2021ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆ ಪ್ರಕಟಿಸಿದ 21 ದೇಶಗಳ ಅಧ್ಯಯನವು ಸಾಂಕ್ರಾಮಿಕದ ಮೊದಲ ತಿಂಗಳುಗಳಲ್ಲಿ ಆತ್ಮಹತ್ಯೆಗಳು ಹೆಚ್ಚಲಿಲ್ಲ ಎಂದಿತು. ಅದೇ ವರ್ಷ ಲ್ಯಾನ್ಸೆಟ್‌ನಲ್ಲಿ ಬಂದ ಇನ್ನೊಂದು ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ ಖಿನ್ನತೆಯ 5.3 ಕೋಟಿ, ಆತಂಕದ ಕಾಯಿಲೆಯ 7.6 ಕೋಟಿ ಹೆಚ್ಚುವರಿ ಪ್ರಕರಣಗಳು ಉಂಟಾದವು. ಹೆಚ್ಚು ಪೆಟ್ಟು ತಿಂದವರು ಯುವಜನರು ಮತ್ತು ಹೆಣ್ಣುಮಕ್ಕಳು. 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಸಮೀಕ್ಷೆ 137 ಅಧ್ಯಯನಗಳನ್ನು ಜೋಡಿಸಿ ನೋಡಿ, ಒಟ್ಟು ಜನಸಂಖ್ಯೆಯಲ್ಲಿ ಆದ ಬದಲಾವಣೆ ಚಿಕ್ಕದು ಎಂದಿತು. ಮನುಷ್ಯರು ನಾವು ಅಂದುಕೊಂಡದ್ದಕ್ಕಿಂತ ಗಟ್ಟಿ ಎಂದು ಕೆಲವರು ಇದರಿಂದ ತೀರ್ಮಾನಿಸಿದರು. ಆದರೆ ಆ ಅಧ್ಯಯನಗಳಲ್ಲಿ ಹೆಚ್ಚಿನವು ಅನುಕೂಲವಂತ ದೇಶಗಳಿಂದ ಬಂದವು. ಸರಾಸರಿ ಎಂಬುದು ಕೋಣೆ, ಲ್ಯಾಪ್‌ಟಾಪ್, ನಿಶ್ಚಿತ ಆದಾಯ ಇದ್ದವರನ್ನೂ ಇಲ್ಲದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ನಮ್ಮ ದೇಶದ ವಿದ್ಯಾರ್ಥಿಗಳ ಬಗ್ಗೆ ಮಾತನಾಡುವಾಗ ಸರಾಸರಿಗಿಂತ ಆ ಅಂತರವೇ ಮುಖ್ಯ.

ಇನ್ನೊಂದು ಅಂಕಿಯನ್ನೂ ಇಲ್ಲಿ ಹೇಳಬೇಕು. ಯುನಿಸೆಫ್ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮಾನಸಿಕ ಕಷ್ಟವಿದ್ದರೆ ಇನ್ನೊಬ್ಬರ ನೆರವು ಪಡೆಯುವುದು ಒಳ್ಳೆಯದು ಎಂದ 15ರಿಂದ 24 ವಯಸ್ಸಿನವರು ಭಾರತದಲ್ಲಿ ಶೇ 41 ಮಾತ್ರ. ಸಮೀಕ್ಷೆ ನಡೆದ 21 ದೇಶಗಳ ಸರಾಸರಿ ಶೇ 83. ಹೇಳಿಕೊಂಡರೆ ಮದುವೆಗೆ ತೊಂದರೆ, ಕೆಲಸಕ್ಕೆ ತೊಂದರೆ, ಜನ ಏನನ್ನುತ್ತಾರೋ ಎಂಬ ಅಂಜಿಕೆ ಈ ವ್ಯತ್ಯಾಸದ ಹಿಂದಿದೆ.

ನಂತರ ಬಂದದ್ದು

ಮಾನಸಿಕ ಆರೋಗ್ಯದ ವಿಷಯದಲ್ಲಿ ಕರ್ನಾಟಕಕ್ಕೆ ಹಳೆಯ ಪರಂಪರೆಯಿದೆ. ಎಂಬತ್ತರ ದಶಕದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡುವಂತೆ ತರಬೇತಿ ನೀಡಿ ನೋಡಿತು. ಆ ಬಳ್ಳಾರಿ ಮಾದರಿಯೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. 2020ರ ಮಾರ್ಚ್ ಕೊನೆಗೆ ಅದೇ ನಿಮ್ಹಾನ್ಸ್ ರಾಷ್ಟ್ರೀಯ ಸಹಾಯವಾಣಿ ತೆರೆಯಿತು. ಜುಲೈನಲ್ಲಿ ಕೇಂದ್ರ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯದ ಮನೋದರ್ಪಣ, ಸೆಪ್ಟೆಂಬರ್‌ನಲ್ಲಿ ಸಾಮಾಜಿಕ ನ್ಯಾಯ ಸಚಿವಾಲಯದ ಕಿರಣ್ ಸಹಾಯವಾಣಿಗಳು ಬಂದವು. 2022ರ ಅಕ್ಟೋಬರ್ 10ರಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಟೆಲಿ-ಮಾನಸ್ ಸೇವೆ ಉದ್ಘಾಟನೆಯಾಯಿತು. 14416ಕ್ಕೆ ಕರೆ ಮಾಡಿದರೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ, ಕನ್ನಡದಲ್ಲೂ, ಆಪ್ತಸಮಾಲೋಚಕರು ಮಾತಿಗೆ ಸಿಗುತ್ತಾರೆ. ಇದಕ್ಕೆ ಬೇಕಾದ ತಂತ್ರಜ್ಞಾನ ಕಟ್ಟಿಕೊಟ್ಟದ್ದು ಬೆಂಗಳೂರಿನ ಐಐಐಟಿ. ಅದೇ ವರ್ಷದ ನವೆಂಬರ್‌ನಲ್ಲಿ ಭಾರತದ ಮೊದಲ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯನೀತಿ ಹೊರಬಂತು.

ಆದರೆ ಕಾಲೇಜುಗಳು ತೆರೆದ ಮೇಲೂ ವಿದ್ಯಾರ್ಥಿಗಳ ಆತ್ಮಹತ್ಯೆಗಳ ಸಂಖ್ಯೆ ಹೇಳುವಷ್ಟು ಇಳಿಯಲಿಲ್ಲ. 2022ರಲ್ಲಿ 13,044. 2023ರಲ್ಲಿ 13,892. ಲಾಕ್‌ಡೌನ್ ಒಂದೇ ಕಾರಣವಾಗಿದ್ದರೆ ಅದು ಮುಗಿದ ಮೇಲೆ ಇಳಿಯಬೇಕಿತ್ತು. ಸೀಟು ಕಡಿಮೆ ಆಕಾಂಕ್ಷಿಗಳು ಹೆಚ್ಚು ಎಂಬ ಒತ್ತಡ, ಶುಲ್ಕದ ಸಾಲ, ಜಾತಿಯ ಅವಮಾನ, ಸೋತರೆ ಮನೆಗೆ ಮುಖ ತೋರಿಸಲಾಗದ ಭಯ ಇವೆಲ್ಲ ಮೊದಲೂ ಇದ್ದವು. ಸಾಂಕ್ರಾಮಿಕ ಅವನ್ನು ಬೆಳಕಿಗೆ ತಂದಿತು, ಇನ್ನಷ್ಟು ಹರಿತ ಮಾಡಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ನೇತೃತ್ವದಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಕುರಿತು ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಜುಲೈನಲ್ಲಿ ಇನ್ನೊಂದು ಪ್ರಕರಣದಲ್ಲಿ 15 ನಿರ್ದೇಶನಗಳನ್ನು ಕೊಟ್ಟಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ಅರ್ಹ ಆಪ್ತಸಮಾಲೋಚಕರಿರಬೇಕು ಎಂಬುದು ಅವುಗಳಲ್ಲೊಂದು. ವಿದ್ಯಾರ್ಥಿಯ ಮನಸ್ಸಿನ ಆರೋಗ್ಯ ಆತನ ಮನೆಯ ಖಾಸಗಿ ವಿಷಯವಲ್ಲ, ಬದುಕುವ ಹಕ್ಕಿನ ಭಾಗ ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಒಪ್ಪಿಕೊಂಡದ್ದು ಈ ಇಡೀ ಕಾಲಘಟ್ಟದ ದೊಡ್ಡ ಗಳಿಕೆ.

ಆ ಗಳಿಕೆ ಕಾಗದದಿಂದ ಕಾಲೇಜಿಗೆ ಇಳಿಯಬೇಕು. ಪಾಠಕ್ಕೇ ಅತಿಥಿ ಉಪನ್ಯಾಸಕರನ್ನು ನಂಬಿರುವ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಆಪ್ತಸಮಾಲೋಚಕರ ಹುದ್ದೆಗೆ ಹಣ ಯಾರು ಕೊಡಬೇಕು ಎಂಬುದನ್ನು ಬಜೆಟ್ಟಿನಲ್ಲಿ ಬರೆಯಬೇಕು. ವಿದ್ಯಾರ್ಥಿವೇತನ ತಿಂಗಳ ಸರಿಯಾದ ದಿನಕ್ಕೆ ಖಾತೆಗೆ ಬರಬೇಕು, ಅದೂ ಮಾನಸಿಕ ಆರೋಗ್ಯದ ಕೆಲಸವೇ. ಕಾಲೇಜು ಮುಚ್ಚಬೇಕಾದ ಕಾಲ ಮತ್ತೆ ಬಂದರೆ, ಹೋಗಲು ನೆಮ್ಮದಿಯ ಮನೆಯಿಲ್ಲದವರಿಗೆ ಹಾಸ್ಟೆಲ್ಲಿನ ಒಂದು ಭಾಗವಾದರೂ ತೆರೆದಿರಬೇಕು. ಪರೀಕ್ಷೆ ನಡೆಯಲಿ ಬಿಡಲಿ, ತೀರ್ಮಾನ ಬೇಗ ಆಗಬೇಕು, ಒಮ್ಮೆ ಆದದ್ದು ಬದಲಾಗಬಾರದು, ಅದನ್ನು ಮಾಡುವ ಸಭೆಯಲ್ಲಿ ವಿದ್ಯಾರ್ಥಿಗಳೂ ಇರಬೇಕು. 2020ರ ಮಾರ್ಚ್‌ನಲ್ಲಿ ಹದಿನೆಂಟರ ಆಸುಪಾಸಿನಲ್ಲಿದ್ದವರು ಇಂದು ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ ಕೆಲಸ ಮಾಡುತ್ತಿದ್ದಾರೆ, ಕೆಲವರು ಇನ್ನೂ ಕೆಲಸ ಹುಡುಕುತ್ತಿದ್ದಾರೆ. ನಾಳೆ ಇಂಥ ಆದೇಶಗಳಿಗೆ ಸಹಿ ಹಾಕುವ ಕುರ್ಚಿಯಲ್ಲಿ ಕೂರುವವರೂ ಅವರೇ. ತಾವು ಪಟ್ಟ ಕಷ್ಟವನ್ನು ಅವರು ಮರೆಯಬೇಕಾಗಿಲ್ಲ. ಮುಂದಿನವರ ಮೇಲೆ ಅದು ಮತ್ತೆ ಬೀಳದಂತೆ ಕಾಯುವ ಅಧಿಕಾರ ಅವರ ಕೈಗೆ ಬರುತ್ತಿದೆ, ಅವರು ಅದನ್ನು ಬಳಸಲಿ.